ಯಲಬುರ್ಗಾ ಎಂಟು

ಕಲ್ಲೇಶ ಆ ದಿನ ಬೆಳಿಗ್ಗೆ ಬಲಗೈ ಹೆಬ್ಬೆರಳನ್ನು ಎರಡು ಸಲ ಸಾಬೂನು ಹಚ್ಚಿ ತೊಳೆದುಕೊಂಡ. ಬೆರಳಿಗೆ ಏನೂ ಅಂಟಿರಲಿಲ್ಲ. ಆಯುಧಪೂಜೆಯ ದಿನ ಅಂಟಿದ್ದ ಕುಂಕುಮ ಅವತ್ತೇ ಹೋಗಿತ್ತು. ಅದಾಗಿ ಹದಿನೆಂಟು ದಿನ ಕಳೆದಿತ್ತು, ಅದೇ ಬೆರಳಿನಿಂದ ಅವನು ರೊಟ್ಟಿ ಮುರಿದಿದ್ದ, ಹಾಜರಿ ಪುಸ್ತಕ ತಿರುವಿದ್ದ, ಮಗಳ ಕೆನ್ನೆ ಹಿಂಡಿದ್ದ. ಆದರೂ ಈ ಎರಡು ದಿನದಿಂದ ಬೆರಳಿನ ಗೆರೆಗಳ ನಡುವೆ ಎಲ್ಲೋ ಕೆಂಪು ಉಳಿದಿದೆಯೇನೋ ಎಂಬ ಅನುಮಾನ ಬಿಡುತ್ತಿರಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತ ಹೆಂಡತಿ ಸುರೇಖಾ, "ಎಷ್ಟೊತ್ತು ತೊಳೀತೀರಿ? ನಳ ಬಂದು ನಾಕು ದಿನ ಆತು, ಇದ್ದ ನೀರಾಗ ಸಾಗಿಸಬೇಕು," ಎಂದಳು. ಅವನು ಟವೆಲಿಗೆ ಬೆರಳು ಒರೆಸಿ, ಒರೆಸಿದ ಜಾಗ ಬೆಳ್ಳಗೇ ಇರುವುದನ್ನು ನೋಡಿಕೊಂಡು ಹೊರಬಿದ್ದ. ಮಾಡಬಾರದ್ದನ್ನು ಮಾಡಿದವನಿಗೆ ತೊಳೆಯುವ ಚಟ ಹತ್ತುತ್ತದೆ. ಕಲ್ಲೇಶ ಮಾತ್ರ ತನಗೆ ಇತ್ತೀಚೆಗೆ ಶುಚಿಯ ಮೇಲೆ ಗಮನ ಹೆಚ್ಚಾಗಿದೆ ಎಂದುಕೊಂಡಿದ್ದ.

ಕಾಲೇಜಿನ ಆಫೀಸಿನ ಗೋಡೆಯ ಮೇಲೆ, ಸ್ಥಾಪಕರ ಭಾವಚಿತ್ರದ ಪಕ್ಕದಲ್ಲಿ, ಈಗ ಒಂದು ಮೊಳೆ ಮಾತ್ರ ಉಳಿದಿತ್ತು. ಮೊನ್ನೆಯವರೆಗೆ ಅಲ್ಲಿ ಗಾಜಿನ ಚೌಕಟ್ಟು ತೂಗುತ್ತಿತ್ತು. ಅದರೊಳಗೆ ಒಂದು ದಪ್ಪ ಕಾಗದ, ಕಾಗದದ ಮೇಲೆ ಸಂಸ್ಥೆಯ ಹೆಸರು, ಅರವತ್ತು ಎಂಬ ಅಂಕಿ, ಕೆಳಗೆ ಐದೈದು ಅಕ್ಷರಗಳ ಐದು ಗುಂಪು. ಆ ಇಪ್ಪತ್ತೈದು ಅಕ್ಷರಗಳೇ ಕಂಪ್ಯೂಟರುಗಳನ್ನು ತೆರೆಯುವ ಕೀಲಿ. ಕಲ್ಲೇಶ ಕಂಪ್ಯೂಟರ್ ಪಾಠ ಹೇಳುವ ಈ ಸಂಸ್ಥೆಗೆ ಕೊಪ್ಪಳದಲ್ಲಿ ದೊಡ್ಡ ಕಾಲೇಜು. ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಒಂದೊಂದು ಚಿಕ್ಕದು. ದಸರೆಗೆ ಮುಂಚೆ ನಾಲ್ಕೂ ಕಡೆಗೆ ಸೇರಿ ಒಂದೇ ಕಟ್ಟಿನಲ್ಲಿ ಎಲ್ಲ ಬಂದಿತ್ತು: ಕೊಪ್ಪಳದಲ್ಲಿಡಲು ಒಂದು ಸರ್ವರ್, ಮೇಜುಗಳ ಮೇಲಿಡಲು ಅರವತ್ತು ಪರದೆ, ಪರದೆಗೊಂದು ಅಂಗೈಯಗಲದ ಡಬ್ಬಿ, ಅವನ್ನೆಲ್ಲ ನಡೆಸುವ ಸಾಫ್ಟ್‌ವೇರು, ಅದರ ಲೈಸೆನ್ಸು. ಹೊಸ ವ್ಯವಸ್ಥೆ ಯಾರ ತಲೆಗೂ ಹತ್ತಿರಲಿಲ್ಲ. ಸಂಸ್ಥೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಶಿವಲೀಲಾ, ಯಲಬುರ್ಗಾ ಕಡೆಯ ಹುಡುಗಿ, ಕಾಂಟ್ರ್ಯಾಕ್ಟಿನ ಮೇಲಿದ್ದವಳು, ಸುಪರಿಂಟೆಂಡೆಂಟ್ ಅಮರಪ್ಪನವರಿಗೆ ಬಿಡಿಸಿ ಹೇಳಿದ್ದಳು: "ಮೇಜಿನ ಮ್ಯಾಲ ಇರೂದು ಬರೇ ಪರದೆ ರೀ ಸರ. ಅರವತ್ತು ಕಂಪ್ಯೂಟರೂ ಇರೂದು ಇಲ್ಲಿ, ಈ ಒಂದ ಸರ್ವರ್‌ನೊಳಗ. ಯಲಬುರ್ಗಾದಾಗ ಕುಂತ ಹುಡುಗಿ ಒತ್ತಿದ ಅಕ್ಷರ ಕೊಪ್ಪಳದಾಗ ಮೂಡತೈತಿ." ಅಮರಪ್ಪನವರು ತುಸು ಯೋಚಿಸಿ, "ಅಂದ್ರ ಅಡಗಿ ಇಲ್ಲಿ, ಊಟ ಅಲ್ಲಿ," ಎಂದಿದ್ದರು. ಕಲ್ಲೇಶ ಇದೇ ಸಂಗತಿಯನ್ನು ತನ್ನ ವಿದ್ಯಾರ್ಥಿಗಳಿಗೆ ಎರಡು ತಾಸು ಹೇಳಿ ಸೋತಿದ್ದ.

ಲೈಸೆನ್ಸನ್ನು ಗೋಡೆಗೆ ಏರಿಸಿದವರು ಅಮರಪ್ಪನವರೇ. ಅವರ ತಂದೆಗೆ ಗಂಗಾವತಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇತ್ತು. ಅಲ್ಲಿ ಲೈಸೆನ್ಸೆಂದರೆ ಬಂದ ಗಿರಾಕಿಯ ಕಣ್ಣಿಗೆ ಮೊದಲು ಬೀಳಬೇಕಾದ ಕಾಗದ. ಗೋಡೆಯ ಮೇಲಿರದಿದ್ದರೆ ಇನ್‌ಸ್ಪೆಕ್ಟರು ಬಂದು ಬಾಗಿಲು ಹಾಕಿಸುತ್ತಿದ್ದ. ಚಿಕ್ಕಂದಿನಲ್ಲಿ ದಿನಾ ಬೆಳಿಗ್ಗೆ ಆ ಗಾಜು ಒರೆಸುವುದು ಅಮರಪ್ಪನವರ ಪಾಳಿಯಾಗಿತ್ತು. ಹೀಗಾಗಿ ಸಂಸ್ಥೆಯ ಹೆಸರಿನಲ್ಲಿ ಅರವತ್ತು ಕಂಪ್ಯೂಟರಿನ ಲೈಸೆನ್ಸು ಬಂದಾಗ ಅವರು ಅದನ್ನು ಫೋಟೋಗಳಿಗೆ ಕಟ್ಟು ಹಾಕುವ ಇಬ್ರಾಹಿಂಸಾಬನ ಅಂಗಡಿಗೆ ಒಯ್ದು, ಕರಿ ಮರದ ಅಂಚು ಹಾಕಿಸಿ, ಎಲ್ಲರೂ ಹಾದುಹೋಗುವ ಜಾಗದಲ್ಲಿ ತಾವೇ ಮೊಳೆ ಹೊಡೆದು ತೂಗುಹಾಕಿದರು. "ಒಳಗ ಮುಚ್ಚಿಡಾಕ ನಾವೇನು ಕಳ್ಳರೇನು?" ಎಂದಿದ್ದರು. ಶಿವಲೀಲಾ ಆಗ ಊರಿಂದೂರಿಗೆ ಬಸ್ಸಿನಲ್ಲಿ ಡಬ್ಬಿ ಹೊತ್ತು ತಿರುಗುತ್ತಿದ್ದಳು. ಗೋಡೆಯ ಮೇಲಿನ ಚೌಕಟ್ಟು ನೋಡಿ, ಅದು ಅಲ್ಲಿರಬಾರದೆಂದು ಗೊತ್ತಿದ್ದವನು ಇಡೀ ಆಫೀಸಿನಲ್ಲಿ ಕಲ್ಲೇಶ ಒಬ್ಬನೇ. ಮನೆಯ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದಂತೆ ಎಂದು ಮನಸ್ಸಿನಲ್ಲೇ ನಕ್ಕ, ಮನೆಗೆ ಹೋಗಿ ಸುರೇಖಾಳಿಗೂ ಹೇಳಿ ನಗಿಸಿದ. ಅಮರಪ್ಪನವರಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಒಂದು ನಿಮಿಷದ ಕೆಲಸ.

ಮೊನ್ನೆ ಶಿವಲೀಲಾ ಯಲಬುರ್ಗಾ ಮುಗಿಸಿ ಬಂದವಳು ಗೋಡೆಯ ಮುಂದೆ ನಿಂತುಬಿಟ್ಟಳು. ಆಮೇಲೆ ಅಮರಪ್ಪನವರ ಬಳಿ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಅವರು ಎದ್ದರು. ತಿಂಗಳ ಕೊನೆಗೆ ನಿವೃತ್ತರಾಗುವ ಮನುಷ್ಯ, ಮೊಣಕಾಲು ನೋವು, ಆದರೂ ಸ್ಟೂಲನ್ನು ತಾವೇ ಎಳೆದುಕೊಂಡು, ಕೈ ಕೊಡಲು ಬಂದವರನ್ನು ಕಣ್ಣಲ್ಲೇ ತಡೆದು, ಮೇಲೆ ಹತ್ತಿ ಚೌಕಟ್ಟನ್ನು ಇಳಿಸಿದರು. ಇಳಿದು, ಗುಮಾಸ್ತರು, ಜವಾನರು, ಫೀ ಕಟ್ಟಲು ನಿಂತ ಹುಡುಗಿಯರು ಎಲ್ಲರೂ ಕೇಳುವಂತೆ, "ತಪ್ಪಾತು ತಂಗಿ. ನನಗ ತಿಳೀಲಿಲ್ಲ," ಎಂದರು. ಅಷ್ಟೇ. ಕಲ್ಲೇಶ ನಿಂತಲ್ಲೇ ಬಲಗೈ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ. ತಪ್ಪಾಯಿತು ಎಂದು ತಾನು ಬಾಯಿಬಿಟ್ಟು ಹೇಳಿದ್ದು ಯಾವಾಗ ಎಂದು ನೆನೆಸಿಕೊಂಡರೆ ಐದನೆಯ ಇಯತ್ತೆಯಲ್ಲಿ ಮಾಸ್ತರರ ಬೆತ್ತದ ಮುಂದೆ ಎಂದು ಕಾಣುತ್ತಿತ್ತು.

ಇವತ್ತು ಸಂಜೆ ಐದಕ್ಕೆ ಮೂವತ್ತು ದಿನದ ಗಡುವು ಮುಗಿಯುತ್ತಿತ್ತು. ಅಷ್ಟರೊಳಗೆ ಅರವತ್ತೂ ಡೆಸ್ಕ್‌ಟಾಪುಗಳಿಗೆ ಕೀಲಿ ಹಾಕಿ ಕಂಪನಿಯಲ್ಲಿ ನೋಂದಾಯಿಸಬೇಕು. ಉಳಿದವು ಐದು ಗಂಟೆಯ ನಂತರ ಕಪ್ಪಾಗುತ್ತವೆ. ನಾಳೆ ಹತ್ತಕ್ಕೆ ನಾಲ್ಕೂ ಊರಿನಲ್ಲಿ ಕಂಪ್ಯೂಟರ್ ಬೆರಳಚ್ಚು ಪರೀಕ್ಷೆ. ಯಲಬುರ್ಗಾದ ಹುಡುಗಿಯರಿಗೆ ತಮ್ಮ ಊರಿನಲ್ಲೇ ಪರೀಕ್ಷೆ ಸಿಕ್ಕಿದ್ದು ಇದೇ ಮೊದಲು. ಶಿವಲೀಲಾ ಸರ್ವರ್ ಕೋಣೆಯಲ್ಲಿ ಚಪ್ಪಲಿ ಬಿಟ್ಟು, ವೇಲನ್ನು ಸೊಂಟಕ್ಕೆ ಸುತ್ತಿ ಕೂತಿದ್ದಳು. ಒಂದೊಂದನ್ನೇ ತೆರೆಯುವುದು, ಕೀಲಿ ಹಾಕುವುದು, ಕಾಯುವುದು, ಹಸಿರು ಗುರುತು ಬಂದ ಮೇಲೆ ಮುಚ್ಚುವುದು. ಅವಳ ಬೆರಳುಗಳಿಗೆ ಅವಸರವೇ ಇರಲಿಲ್ಲ, ಆದರೂ ಕೆಲಸ ಓಡುತ್ತಿತ್ತು. ಕಲ್ಲೇಶ ಬಾಗಿಲ ಬಳಿ ನಿಂತು ನೋಡಿದ. ಬಂದ ಹೊಸದರಲ್ಲಿ ಅವಳನ್ನು ಅವನು ಡಿಪ್ಲೊಮಾ ಹುಡುಗಿ ಎಂದು ಕರೆಯುತ್ತಿದ್ದ. ಅವಳೆದುರಿಗೆ ದೊಡ್ಡ ದೊಡ್ಡ ಶಬ್ದ ಬಳಸುತ್ತಿದ್ದ. ಅವಳು ಪ್ರತಿ ಸಲವೂ "ಹೌದ್ರಿ ಸರ" ಎಂದು ಕೇಳಿಸಿಕೊಂಡು, ತನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿ ಮುಗಿಸುತ್ತಿದ್ದಳು. ಪಕ್ಕದಲ್ಲಿ ಅಮರಪ್ಪನವರು ಕುರ್ಚಿ ಹಾಕಿಕೊಂಡು, ಹಸಿರು ಗುರುತು ಬಂದಂತೆಲ್ಲ ಎಣಿಸುತ್ತಿದ್ದರು. ರಾಶಿಯ ಕಾಳು ಅಳೆಯುವವರು ಎಣಿಸುವ ಹಾಗೆ ಒಂದು ಎನ್ನದೆ "ಲಾಭ" ಎಂದು ಶುರು ಮಾಡಿ, ಎರಡು, ಮೂರು ಎಂದು ಮುಂದುವರಿದಿದ್ದರು. ಕೊಪ್ಪಳದ ಇಪ್ಪತ್ನಾಲ್ಕು ಮುಗಿಯಿತು. ಗಂಗಾವತಿಯ ಹದಿನಾರು, ಕುಷ್ಟಗಿಯ ಹನ್ನೆರಡು. ಯಲಬುರ್ಗಾ ಒಂದು, ಯಲಬುರ್ಗಾ ಎರಡು. "ಐವತ್ನಾಕು," ಎಂದು ಅಮರಪ್ಪನವರು ಹೇಳಿ, ಐವತ್ತೈದಕ್ಕೆ ಬಾಯಿ ತೆರೆದವರು ಹಾಗೇ ಉಳಿದರು. ಗುರುತು ಕೆಂಪಾಗಿತ್ತು.

ಕೆಂಪು. ಪೂಜೆಯ ದಿನ ಗಾಜಿನ ಮೇಲೆ ಪುರೋಹಿತರು ಇಟ್ಟ ಕುಂಕುಮದ ಬೊಟ್ಟು ಸರಿಯಾಗಿ ಕೊನೆಯ ಗುಂಪಿನ ಕೊನೆಯ ಅಕ್ಷರದ ಮೇಲೆ ಬಿದ್ದಿತ್ತು. ಎಲ್ಲರೂ ಹೊರಗೆ ಬಸ್ಸಿನ ಪೂಜೆಗೆ ಹೋಗಿದ್ದರು, ಕುಂಬಳಕಾಯಿ ಒಡೆದ ಸದ್ದು ಕೇಳಿಸಿತು. ಕಲ್ಲೇಶ ಮೊಬೈಲು ಹಿಡಿದು ಚೌಕಟ್ಟಿನ ಮುಂದೆ ನಿಂತಿದ್ದ. ಇಪ್ಪತ್ನಾಲ್ಕು ಅಕ್ಷರ ಕಾಣುತ್ತಿದ್ದವು, ಒಂದು ಕಾಣುತ್ತಿರಲಿಲ್ಲ. ಆ ಒಂದು ಅಕ್ಷರ ಅವನಿಗೆ ಕೊಟ್ಟ ಸಮಯ ಅದು. ಬೇಡ ಅನ್ನಿಸಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ಹೆಬ್ಬೆರಳಿನಿಂದ ಕುಂಕುಮ ಒರೆಸಿದ. ಫೋಟೋ ತೆಗೆದ. ಹೊರಗೆ ಬಂದು ಒಡೆದ ಕುಂಬಳಕಾಯಿಯ ಹೋಳಿಗೆ ಬೆರಳು ತಿಕ್ಕಿ, ಮಂಡಕ್ಕಿ ಒಗ್ಗರಣೆಯ ಪ್ಲೇಟು ತೆಗೆದುಕೊಂಡು, ಎರಡು ಮಿರ್ಚಿ ಹೆಚ್ಚೇ ತಿಂದ.

ಹಣದ ಆಸೆಯಿಂದ ಮಾಡಿದ್ದರೆ ಅವನಿಗೇ ಎಷ್ಟೋ ಸಮಾಧಾನವಿರುತ್ತಿತ್ತು. ಮಾಡಿದ್ದು ಅಳಿಯತನದ ದೊಡ್ಡಸ್ತಿಕೆಗೆ. ಸುರೇಖಾಳ ತಮ್ಮ ಪಂಪಾಪತಿ ಹನುಮಸಾಗರದಲ್ಲಿ ಕಿರಾಣಿ ಅಂಗಡಿಯ ಮೇಲಿನ ಕೋಣೆ ಹಿಡಿದು, ಆರು ಹಳೆ ಕಂಪ್ಯೂಟರ್ ಇಟ್ಟು ಟೈಪಿಂಗ್ ಸೆಂಟರು ತೆರೆದಿದ್ದ. ಆಮಂತ್ರಣ ಪತ್ರಿಕೆಯನ್ನು ಕಲ್ಲೇಶನೇ ಸ್ಟಾಫ್ ರೂಮಿನ ಬೋರ್ಡಿಗೆ ಚುಚ್ಚಿದ್ದ. ಆರರಲ್ಲೂ ಇದ್ದದ್ದು ಅದೇ ಕಂಪನಿಯ ಸಾಫ್ಟ್‌ವೇರು, ಪರದೆಯ ಮೂಲೆಯಲ್ಲಿ ಲೈಸೆನ್ಸಿಲ್ಲ ಎಂಬ ಸಾಲು ಬರುತ್ತಿತ್ತು, ತಾಸಿಗೊಮ್ಮೆ ಆರಿ ಹೋಗುತ್ತಿದ್ದವು. ಆಯುಧಪೂಜೆಯ ಹಿಂದಿನ ದಿನ ಹಬ್ಬದ ಊಟಕ್ಕೆ ಕೂತಾಗ ಅತ್ತೆ ಪಂಪಮ್ಮ ಹೋಳಿಗೆಗೆ ತುಪ್ಪ ಸುರಿಯುತ್ತ, "ನಮ್ಮ ಅಳಿಯಂದಿರು ಕಂಪ್ಯೂಟರಿನ ಮಾಸ್ತರು, ಅವರ ಕೈಯಾಗ ಆಗಲಾರದ್ದು ಏನೈತಿ?" ಎಂದಿದ್ದಳು. ಆ ಮನೆಯಲ್ಲಿ ದೊಡ್ಡ ಅಳಿಯನ ಮಾತಿಗೇ ಎಂದೂ ಬೆಲೆ. ಚಿಕ್ಕ ಅಳಿಯ ಕಲ್ಲೇಶನನ್ನು ಯಾರೂ ಏನೂ ಕೇಳಿದ್ದಿಲ್ಲ. ಅವತ್ತು ಎಲ್ಲರೂ ಅವನತ್ತ ನೋಡಿದರು. "ಅದೇನು ದೊಡ್ಡ ಮಾತಲ್ಲ, ನಾ ನೋಡ್ಕೋತೀನಿ," ಎಂದ. ಪೂಜೆಯ ಮರುದಿನ ಆರೂ ಯಂತ್ರ ಹಸಿರಾದಾಗ ಪಂಪಾಪತಿ ಅವನ ಕಾಲು ಮುಟ್ಟಿ ನಮಸ್ಕರಿಸಿದ್ದ. ಗೋಡೆಯ ಮೇಲೆ ಊರಿಗೆಲ್ಲ ಕಾಣುವಂತೆ ಇದ್ದದ್ದು ತಾನೇ ಎಂದು ಬಸ್ಸಿನಲ್ಲಿ ಬರುವಾಗ ಎಷ್ಟು ಚೆನ್ನಾಗಿ ತನಗೆ ತಾನೇ ವಾದ ಮಾಡಿಕೊಂಡಿದ್ದ.

"ಅರವತ್ತೂ ಆಗ್ಯಾವಂತ ತೋರಸ್ತೈತ್ರಿ ಸರ," ಎಂದಳು ಶಿವಲೀಲಾ. "ನಾವು ಮಾಡಿದ್ದು ಐವತ್ನಾಕ." ಅಮರಪ್ಪನವರ ಮುಖ ಸಣ್ಣದಾಯಿತು. ಯಲಬುರ್ಗಾದ ಮೂರರಿಂದ ಎಂಟರವರೆಗೆ ಆರು ಪರದೆ. ಎಂಟನೆಯದರ ಮುಂದೆ ನಾಳೆ ಕೂರುವವಳು ಜೈನಾಬೀ, ಯಲಬುರ್ಗಾ ಕಾಲೇಜಿನ ಲ್ಯಾಬಿನ ಬಾಗಿಲು ತೆಗೆದು ಕಸ ಗುಡಿಸುವ ಗೌಸಬೀಯ ಮಗಳು. ಗೌಸಬೀ ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದ್ದಳು. "ಐದರೊಳಗ ಆಗಲಿಲ್ಲಂದ್ರ?" ಎಂದು ಅಮರಪ್ಪನವರು ಕೇಳಿದರು. "ಆರು ಮಂದಿಗೆ ಪರೀಕ್ಷಾ ಇಲ್ರಿ. ಮುಂದಿನದು ಆರು ತಿಂಗಳಿಗೆ," ಎಂದು ಅವಳು ಕಂಪನಿಗೆ ಫೋನು ಹಚ್ಚಿದಳು. ಮೊದಲು ಯಂತ್ರದ ಹೆಣ್ಣುದನಿ, ಆಮೇಲೆ ಸಂಗೀತ, ಮತ್ತೆ ಅದೇ ದನಿ, ಅದೇ ಸಂಗೀತ. ಇಪ್ಪತ್ತು ನಿಮಿಷ ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಪರದೆಯ ಮೇಲಿನ ಉದ್ದನೆಯ ಸಂಖ್ಯೆಯನ್ನು ಕಾಗದಕ್ಕೆ ಆರಾರು ಅಂಕಿಯಂತೆ ಬರೆದಿಟ್ಟಳು. ಕೊನೆಗೆ ಮನುಷ್ಯ ಸಿಕ್ಕ. ಒಂಬತ್ತು ಗುಂಪು ಅಂಕಿಯನ್ನು ಒಂದೂ ತಪ್ಪದೆ ಓದಿದಳು. ಅವಳ ಇಂಗ್ಲಿಷು ಚಿಕ್ಕದು, ಆದರೆ ಅದರಲ್ಲಿ ಒಂದು ಮಾತೂ ದಂಡವಿರಲಿಲ್ಲ. ಆ ಕಡೆಯವನು ದನಿ ಏರಿಸಿದರೆ ಇವಳು ಇನ್ನಷ್ಟು ಮೆಲ್ಲಗಾಗುತ್ತಿದ್ದಳು. ತನಗಾಗಿದ್ದರೆ ಎರಡನೆಯ ಮಾತಿಗೇ ಸಿಟ್ಟು ಬರುತ್ತಿತ್ತು, ಮೂರನೆಯದಕ್ಕೆ ಫೋನು ಇಡುತ್ತಿದ್ದೆ ಎಂದು ಕಲ್ಲೇಶನಿಗೆ ಗೊತ್ತಿತ್ತು. ಹನ್ನೆರಡು ವರ್ಷದ ಮಾಸ್ತರಿಕೆಯಲ್ಲಿ ತಾನು ಕಲಿಯದೇ ಇದ್ದದ್ದನ್ನು ಈ ಹುಡುಗಿ ಎಲ್ಲಿ ಕಲಿತಳೋ. ಅವಳ ತಾಯಿ ಹೊಳಿಯಮ್ಮ ಕಂಡವರ ಹೊಲದಲ್ಲಿ ಕಳೆ ತೆಗೆದು ಇವಳನ್ನು ಓದಿಸಿದ್ದಳೆಂದು ಕೇಳಿದ್ದ. ಮುಂದಿನ ಸಾಲು ಎಷ್ಟು ಉದ್ದವಿದೆ ಎಂದು ತಲೆ ಎತ್ತಿ ನೋಡದೆ ಮುಂದೆ ಸಾಗುವುದು ಆ ಮನೆಯದೇ ಇರಬೇಕು.

ಕಂಪನಿಯವನು ಯಾವ ಯಾವ ಯಂತ್ರ ಆ ಕೀಲಿ ಬಳಸಿವೆ ಎಂಬ ಪಟ್ಟಿಯನ್ನು ಮೇಲ್ ಮಾಡಿದ. ಪ್ರಿಂಟರಿನಿಂದ ಹಾಳೆ ಬಂತು. ಶಿವಲೀಲಾ ನಿಂತೇ ಓದಿದಳು. ಬೆರಳು ಮೇಲಿನಿಂದ ಇಳಿಯುತ್ತ ಬಂದು ಒಂದು ಕಡೆ ನಿಂತಿತು. ಕಲ್ಲೇಶ ಆ ಬೆರಳನ್ನೇ ನೋಡುತ್ತಿದ್ದ. ಅವಳು ತಿರುಗಿ ಅವನತ್ತ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಅವನಿಗೆ ಗೊತ್ತಾಯಿತು. "ಏನಂತ ತಂಗಿ?" ಎಂದರು ಅಮರಪ್ಪನವರು. "ಆರು ಹೊರಗ ಹೋಗ್ಯಾವ್ರಿ ಸರ." "ಎಲ್ಲಿಗೆ?" "ನೋಡಬೇಕ್ರಿ," ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. "ನಾ ಹಾಕಿದ್ದು ನೋಡಿ ಯಾರೋ ಬರಕೊಂಡು ಹೋಗ್ಯಾರ," ಎಂದು ಅಮರಪ್ಪನವರು ಎದ್ದು ತಮ್ಮ ಮೇಜಿಗೆ ಹೋದರು. ಕೀಲಿ ಹೊರಗೆ ಹೋದದ್ದಕ್ಕೆ ಮಧ್ಯಾಹ್ನ ಮೂರು ಗಂಟೆಯೊಳಗೆ ಸಂಸ್ಥೆಯ ಕಾರ್ಯದರ್ಶಿಗಳಿಗೆ ಲಿಖಿತ ವಿವರಣೆ ಕೊಡಬೇಕಿತ್ತು. ಮೂವತ್ನಾಲ್ಕು ವರ್ಷದ ಸೇವೆಯಲ್ಲಿ ಅವರ ಮೇಲೆ ಒಂದು ನೋಟೀಸು ಬಂದದ್ದಿಲ್ಲ. ಶಿವಲೀಲಾ ಹಾದುಹೋಗುವಾಗ ಮಡಿಸಿದ ಹಾಳೆಯನ್ನು ಕಲ್ಲೇಶನ ಕೈಗೆ ಕೊಟ್ಟಳು. "ಇದನ್ನ ನಿಮ್ಮ ಕಡೆ ಇಟ್ಕೊಂಡಿರ್ರಿ ಸರ. ಮೂರಕ್ಕ ನಾನು ಕೇಳ್ತೀನಿ." ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಹಿತ್ತಲ ಬೇವಿನ ಮರದ ಕೆಳಗೆ ಸ್ಕೂಟರುಗಳ ನಡುವೆ ನಿಂತು ಅವನು ಹಾಳೆ ಬಿಡಿಸಿದ. ಹನುಮಸಾಗರ ಒಂದು, ಹನುಮಸಾಗರ ಎರಡು, ಆರರವರೆಗೆ. ಆ ಊರಿನ ಸೆಂಟರಿನ ಆಮಂತ್ರಣ ಪತ್ರಿಕೆ ಇನ್ನೂ ಸ್ಟಾಫ್ ರೂಮಿನ ಬೋರ್ಡಿನ ಮೇಲೇ ಇತ್ತು. ಯಂತ್ರಗಳಿಗೆ ಹಾಗೆ ಹೆಸರಿಟ್ಟವನೂ ಅವನೇ. ಹೆಸರಿಡುವಾಗ ಅಚ್ಚುಕಟ್ಟುತನ ತೋರಿಸಿದ್ದ. ಅಲ್ಲೇ ನಿಂತು ಪಂಪಾಪತಿಗೆ ಫೋನು ಮಾಡಿದ. ಸುಮ್ಮನೆ ಆರನ್ನೂ ತೆಗೆಸಿಬಿಟ್ಟರೆ ಇಲ್ಲಿ ಆರು ಖಾಲಿಯಾಗುತ್ತವೆ, ಪರೀಕ್ಷೆ ನಡೆಯುತ್ತದೆ, ಶಿವಲೀಲಾ ಹೇಳುವವಳಲ್ಲ, ಎಲ್ಲ ಮುಗಿಯುತ್ತದೆ. ಅಮರಪ್ಪನವರ ಕಾಗದವೊಂದು ಮಾತ್ರ ಅವರ ಫೈಲಿನಲ್ಲಿ ಉಳಿಯುತ್ತದೆ. ಆ ಒಂದು ಕಾಗದ ಎಷ್ಟು ತೆಳ್ಳಗೆ ಎಂದು ಅವನ ಮನಸ್ಸು ಅಳೆಯುತ್ತಿರುವಾಗಲೇ ಆ ಕಡೆಯಿಂದ ಕೀಲಿಮಣೆಗಳ ಸದ್ದಿನ ನಡುವೆ ಪಂಪಾಪತಿಯ ದನಿ ಬಂತು: "ಹೇಳ್ರಿ ಮಾಮಾ! ಬ್ಯಾಚು ನಡದೈತ್ರಿ, ಆರಕ್ಕ ಆರೂ ಫುಲ್. ನಮ್ಮ ಮಾಮಾರಿಂದನ ಇದೆಲ್ಲಾ ಅಂತ ಈಗಷ್ಟ ಹೇಳಾಕತ್ತಿದ್ದೆ ನೋಡ್ರಿ." ಕಲ್ಲೇಶ "ಸುಮ್ನ ಮಾಡಿದ್ದೆ" ಎಂದು ಇಟ್ಟ. ತನ್ನನ್ನು ಯಾರಾದರೂ ಹೊಗಳುತ್ತಿರುವಾಗ ತಾನು ಎಂದೂ ನಿಜ ಹೇಳಿದವನಲ್ಲ ಎಂದು ಅವನಿಗೆ ಅವತ್ತು ಹೊಳೆಯಿತು. ಹೊಳೆದದ್ದು ಏನೂ ಖುಷಿಯ ಸಂಗತಿಯಲ್ಲ.

ಎರಡೂಕಾಲಿಗೆ ಅಮರಪ್ಪನವರೇ ಕರೆದರು. "ಬಾ ಕಲ್ಲೇಶಪ್ಪ, ನೀ ಓದಿದಾವ. ಕನ್ನಡ ನೆಟ್ಟಗೈತೇನ ನೋಡು." ಮೇಜಿನ ಮೇಲೆ ಚೌಕಟ್ಟು ಬೋರಲಾಗಿ ಬಿದ್ದಿತ್ತು. ಪಕ್ಕದಲ್ಲಿ ಅವರ ಗುಂಡನೆಯ ಅಕ್ಷರದ ಕಾಗದ. ಲೈಸೆನ್ಸಿನ ಕಾಗದವನ್ನು ಯಾರ ಸಲಹೆಯನ್ನೂ ಕೇಳದೆ ಗೋಡೆಗೆ ಹಾಕಿಸಿದ್ದು ನಾನು. ಅದರಿಂದ ಸಂಸ್ಥೆಯ ಕೀಲಿ ಪರರ ಪಾಲಾಗಿದೆ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಇದಕ್ಕೆ ಮಾನ್ಯರು ಯಾವ ಕ್ರಮ ಕೈಗೊಂಡರೂ ಒಪ್ಪಿಕೊಳ್ಳುತ್ತೇನೆ. ಕಲ್ಲೇಶ ಓದಿದ. ಮತ್ತೊಮ್ಮೆ ಓದಿದ. ಎಷ್ಟು ಚೊಕ್ಕ ಬರೆದಿದ್ದರು ಮನುಷ್ಯ! ಅಳುವಿಲ್ಲ, ನೆಪವಿಲ್ಲ, ತಂದೆಯ ಅಂಗಡಿಯ ಕಥೆಯಿಲ್ಲ. ತನ್ನದೇ ತಪ್ಪನ್ನು ಇಷ್ಟು ನೆಟ್ಟಗೆ ನಿಂತು ನೋಡಬಲ್ಲ ಮನುಷ್ಯನ ಪಕ್ಕದಲ್ಲಿ ಹನ್ನೆರಡು ವರ್ಷ ಕೂತು, ಅವರ ಪೆದ್ದುತನಗಳನ್ನು ಮಾತ್ರ ಮನೆಗೆ ಒಯ್ದು ಹೆಂಡತಿಯನ್ನು ನಗಿಸಿದೆನಲ್ಲ ಎಂದುಕೊಂಡು ಅವನು ಕಾಗದವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಏನು, ತಪ್ಪೈತೇನು?" ಎಂದರು ಅವರು.

"ಒಂದು ಸಾಲು ತಪ್ಪೈತ್ರಿ."

"ಯಾವುದು?"

"ಬ್ಯಾರೆ ಯಾರ ತಪ್ಪೂ ಇಲ್ಲ ಅಂತ ಬರದೀರಲ್ಲ, ಅದು," ಎಂದು ಕಲ್ಲೇಶ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಅವರ ಮುಂದೆ ಇಟ್ಟ. "ಆರೂ ನಾನ ಹಾಕಿದ್ದು. ಹನುಮಸಾಗರದಾಗ, ನಮ್ಮ ಪಂಪಾಪತಿ ಸೆಂಟರಿಗೆ. ಪೂಜಿ ದಿನ ಫೋಟೋ ಹೊಡಕೊಂಡು ಹೋಗಿದ್ದೆ."

ಅಮರಪ್ಪನವರು ಹಾಳೆ ಬಿಡಿಸಿ ಕನ್ನಡಕ ಏರಿಸಿ ಆರು ಹೆಸರನ್ನೂ ಓದಿದರು. ಆಮೇಲೆ ಬೋರಲಾಗಿದ್ದ ಚೌಕಟ್ಟನ್ನು ಮೇಲ್ಮುಖ ಮಾಡಿದರು. ಗಾಜಿನ ಮೇಲೆ ಕೊನೆಯ ಅಕ್ಷರದಿಂದ ಅಂಚಿನವರೆಗೆ ಕುಂಕುಮ ಎಳೆದ ಗುರುತು, ಒಂದು ಹೆಬ್ಬೆರಳಿನ ಅಗಲ, ಹಾಗೇ ಇತ್ತು. ಅದನ್ನು ಅವರು ಈ ಹದಿನೆಂಟು ದಿನ ಒರೆಸಿರಲಿಲ್ಲ. ದೇವರ ಕುಂಕುಮ ಎಂದು ಬಿಟ್ಟಿದ್ದರು. ಕಲ್ಲೇಶ ಬಯ್ಗುಳಕ್ಕೆ ಕಾದ. ಅವರು ಸಿಟ್ಟಾದರು, ಅದು ಮುಖದಲ್ಲಿ ಕಂಡಿತು, ಕೆಳದುಟಿ ಬಿಗಿಯಿತು. ಆದರೆ ಬಾಯಿಂದ ಬಂದದ್ದು ಬೇರೆ. "ಅಲ್ಲಿ ಈಗ ಯಾರು ಕುಂತಾರ?"

"ಎಲ್ಲಿ ರೀ?"

"ಹನುಮಸಾಗರದಾಗ. ಆ ಆರು ಮಿಷನ್ನಿನ ಮುಂದ."

"ಹುಡುಗೂರು ರೀ. ಟೈಪಿಂಗ್ ಕಲಿಯಾವರು. ನಾಕರ ತನಕ ಬ್ಯಾಚೈತಂತ್ರಿ."

ಅಮರಪ್ಪನವರು ಗೋಡೆಯ ಗಡಿಯಾರ ನೋಡಿದರು. ಶಿವಲೀಲಾ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಳು. "ನಾಕಕ್ಕ ತೆಗದ್ರ ಐದರೊಳಗ ಇಲ್ಲಿ ಆಗತೈತೇನ ತಂಗಿ?" ಎಂದು ಕೇಳಿದರು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಆಗತೈತ್ರಿ. ಬಿಗಿ ಆಗತೈತಿ, ಖರೆ ಆಗತೈತಿ," ಎಂದಳು. "ಹಂಗಾದ್ರ ನಾಕರ ತನಕ ಬ್ಯಾಡ. ಪಾಠದ ನಡುವ ಹುಡುಗೂರ ಮುಂದಿನ ಪರದೆ ಕಪ್ಪು ಮಾಡೂದು ಬ್ಯಾಡ. ಅವ್ರೇನ ಮಾಡ್ಯಾರ?" ಹೀಗೆಂದು ಅಮರಪ್ಪನವರು ತಮ್ಮ ಕಾಗದವನ್ನು ಹತ್ತಿರಕ್ಕೆಳೆದು, ಆ ಒಂದು ಸಾಲನ್ನು ಪಟ್ಟಿಯಿಟ್ಟು ಹೊಡೆದುಹಾಕಿದರು. ಇಡೀ ಕಾಗದವನ್ನು ಹರಿಯುತ್ತಾರೆ ಎಂದು ಕಲ್ಲೇಶ ಕಾಯುತ್ತಿದ್ದ. ಹರಿಯಲಿಲ್ಲ. ಸಹಿ ಹಾಕಿದರು. "ಇದನ್ಯಾಕ ಕೊಡ್ತೀರಿ? ತಪ್ಪು ನಂದು," ಎಂದ ಅವನು. "ಗ್ವಾಡಿಗೆ ಹಾಕಿದಾವ ನಾನಲ್ಲೇನು? ನಂದು ನಾ ಬರದೀನಿ. ನಿಂದು ನೀ ಬರಿ," ಎಂದರು ಅಮರಪ್ಪನವರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕಲ್ಲೇಶನಿಗೆ ಅಳು ಬಂದದ್ದು ಅದಕ್ಕೇ.

ನಾಲ್ಕರವರೆಗಿನ ಒಂದೂವರೆ ತಾಸು ಅವನ ಜೀವಮಾನದಲ್ಲೇ ಉದ್ದನೆಯದು. ಮೂವರೂ ಸರ್ವರ್ ಕೋಣೆಯಲ್ಲಿ ಕೂತಿದ್ದರು. ಹನುಮಸಾಗರದಲ್ಲಿ ಯಾವಳೋ ಹುಡುಗಿ ತಪ್ಪು ಅಕ್ಷರ ಒತ್ತಿ ಅಳಿಸುತ್ತಿರಬಹುದು, ಅವಳ ಪಾಠಕ್ಕೆಂದು ಇಲ್ಲಿ ಒಬ್ಬ ಮುದುಕ ತನ್ನ ಕೊನೆಯ ತಿಂಗಳ ಮಾನವನ್ನು ಗಡಿಯಾರದ ಮುಳ್ಳಿಗೆ ಬಿಟ್ಟು ಕೂತಿದ್ದಾನೆ. ಇಂಥ ಒಬ್ಬರಿದ್ದ ಆಫೀಸಿನಲ್ಲೇ ತಾನೂ ಇದ್ದೆ ಎಂಬುದು ಕಲ್ಲೇಶನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಬಿಡಿಸಲು ಹೋಗಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಪಂಪಾಪತಿಗೆ ಫೋನು ಹಚ್ಚಿ, ಇದ್ದದ್ದನ್ನು ಇದ್ದಂತೆ ಹೇಳಿದ. "ಮೊದಲ ಹೇಳಿದ್ರ ನಾ ಒಲ್ಲೆ ಅಂತಿದ್ದೆ ಮಾಮಾ," ಎಂದ ಪಂಪಾಪತಿ. ದನಿಯಲ್ಲಿದ್ದ ಭಕ್ತಿಯೆಲ್ಲ ಇಳಿದುಹೋಗಿತ್ತು. ಶಿವಲೀಲಾ ಫೋನು ಇಸಿದುಕೊಂಡಳು. "ಅಣ್ಣಾರ, ನಾ ಹೇಳಿದಂಗ ಒಂದೊಂದ ತೆಗೀರಿ. ಚಿಂತಿ ಮಾಡಬ್ಯಾಡ್ರಿ, ಬಿಟ್ಟಿ ಸಿಗೂ ಸಾಫ್ಟ್‌ವೇರ್ ಐತಿ, ಅದರಾಗೂ ಕನ್ನಡ ಟೈಪಿಂಗ್ ಛಲೋ ಬರತೈತಿ. ರವಿವಾರ ನಾನ ಬಂದು ಹಾಕಿಕೊಡ್ತೀನಿ." ರವಿವಾರ ಅವಳ ಒಂದೇ ರಜೆ ಎಂದು ಕಲ್ಲೇಶನಿಗೆ ಗೊತ್ತಿತ್ತು.

ಒಂದು ಬಂತು. ಅಮರಪ್ಪನವರು "ಐವತ್ತೈದು" ಎಂದರು. ಹನುಮಸಾಗರದಲ್ಲಿ ಒಂದು ಆರುತ್ತಿತ್ತು, ಯಲಬುರ್ಗಾದಲ್ಲಿ ಒಂದು ಹೊತ್ತುತ್ತಿತ್ತು. ಐವತ್ತೆಂಟರ ಬಳಿ ನೆಟ್‌ವರ್ಕು ನಿಂತು ಹತ್ತು ನಿಮಿಷ ಹೋಯಿತು. ಶಿವಲೀಲಾ ಆಗಲೂ ಬೆರಳು ಮಡಿಲಲ್ಲಿಟ್ಟು ಸುಮ್ಮನೆ ಕಾದಳು. ನಾಲ್ಕೂ ನಲವತ್ತೇಳಕ್ಕೆ ಯಲಬುರ್ಗಾ ಎಂಟು ಹಸಿರಾಯಿತು. "ಅರವತ್ತು!" ಎಂದು ಅಮರಪ್ಪನವರು ಕೂತಲ್ಲಿಂದಲೇ ಕೈಮುಗಿದರು, ಯಾರಿಗೆ ಎಂದು ತಿಳಿಯಲಿಲ್ಲ. "ಇನ್ನೂ ಮುಗೀಲಿಲ್ರಿ, ಇದರಾಗ ಅಕ್ಷರ ಮೂಡ್ತಾವಿಲ್ಲೋ ನೋಡಬೇಕು," ಎಂದು ಶಿವಲೀಲಾ ಯಲಬುರ್ಗಾ ಎಂಟನ್ನು ಕೊಪ್ಪಳದ ಪರದೆಯ ಮೇಲೇ ತೆರೆದಳು. ಆ ಕಡೆಯ ಪರದೆಯ ಮೇಲೂ ಇದೇ ಕಾಣುತ್ತದೆ. ಗೌಸಬೀಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. "ಗೌಸಬೀ ಚಾಚಿ, ಎಂಟನೇ ಪರದೆ ಮುಂದ ನಿಂದರ್ರಿ. ಏನು ಮೂಡತೈತಿ, ಅದನ್ನ ಓದಿ ಹೇಳ್ರಿ." ಆಮೇಲೆ ಕುರ್ಚಿಯಿಂದ ಎದ್ದು ಅದನ್ನು ಕಲ್ಲೇಶನತ್ತ ಸರಿಸಿದಳು. "ಏನರ ಟೈಪ್ ಮಾಡ್ರಿ ಸರ. ನೀವು ಹೆಂಗೂ ಒಂದು ಬರೀಬೇಕಲ್ಲ."

ಕಲ್ಲೇಶ ಕೂತ. ಕೀಲಿಮಣೆಯ ಮೇಲೆ ಹೆಬ್ಬೆರಳು ಕಾಣುತ್ತಿತ್ತು. ಅದು ಬರೀ ಬೆರಳಾಗಿತ್ತು. ಮಾನ್ಯ ಕಾರ್ಯದರ್ಶಿಗಳಿಗೆ ಎಂದು ಹೊಡೆದ. ಗೌಸಬೀ ರಾತ್ರಿ ಶಾಲೆಯಲ್ಲಿ ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು, ಕೂಡಿಸಿ ಕೂಡಿಸಿ ಓದುತ್ತಿದ್ದಳು. "ಮಾ... ನ್ಯ... ಮಾನ್ಯ. ಬರಾಕತ್ತೈತಿ ಬೇಟಿ, ಬರಾಕತ್ತೈತಿ! ಕಾ... ರ್ಯ... ದರ್ಶಿ..." ಅವಳ ಹಿಂದೆ ಜೈನಾಬೀ ನಗುವುದು ಕೇಳಿಸಿತು. ಅವನು ಮುಂದುವರಿದ. ನಲವತ್ತೈದು ಕಿಲೋಮೀಟರ್ ಆಚೆಯಿಂದ ಅವನ ಒಂದೊಂದು ಶಬ್ದವೂ ಅವಳ ದನಿಯಲ್ಲಿ ತಿರುಗಿ ಬಂದು ಈ ಕೋಣೆಯಲ್ಲಿ ಬೀಳುತ್ತಿತ್ತು. "ಸಂಸ್ಥೆಯ... ಕೀಲಿಯನ್ನು... ಕದ್ದು... ಹನುಮಸಾಗರದ ಆರು ಕಂಪ್ಯೂಟರಿಗೆ... ಹಾಕಿದ್ದು... ನಾನು." ಗೌಸಬೀ ನಿಲ್ಲಿಸಿದಳು. ಮುಂದಿನ ಎರಡು ಶಬ್ದ ಅವನ ಹೆಸರು. ಅದು ಪರದೆಯ ಮೇಲೆ ಮೂಡಿತ್ತು, ಅವಳು ಓದಲಿಲ್ಲ. ಆರು ಯಾವುವು ಎಂದು, ಬೆಳಿಗ್ಗೆಯಿಂದ ತಾನು ಮೂರು ಸಲ ಫೋನು ಮಾಡಿದ್ದು ಯಾತಕ್ಕೆ ಎಂದು ಅವಳಿಗೆ ಕೂಡಿಬರುವಷ್ಟು ಹೊತ್ತು ಫೋನಿನಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಅಮರಪ್ಪನವರು ನೆಲ ನೋಡುತ್ತಿದ್ದರು. ಶಿವಲೀಲಾ ಫೋನಿಗೆ ಕೈ ಚಾಚಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕಲ್ಲೇಶ ಬೆರಳೆತ್ತಿ ಕಾದ.

"ಕಾಣಾಕತ್ತೈತ್ರಿ ಸರ," ಎಂದಳು ಗೌಸಬೀ. "ಮುಂದ ಬರೀರಿ. ನಾ ಓದಾಕತ್ತೀನಿ."

ಅವನು ಬರೆದ.